ರೆಕ್ಕೆಗೆ ನಿಷೇಧ, ಮೀನಿಗೆ ಬಲೆ

ಕರ್ನಾಟಕದ ಕರಾವಳಿಯಲ್ಲಿ ತಾಟೆ ಎಂದೂ ಕೊಂಕಣಿ ಮನೆಗಳಲ್ಲಿ ಮೋರಿ ಎಂದೂ ಕರೆಸಿಕೊಳ್ಳುವ ಶಾರ್ಕ್, ಗಟ್ಟಿ ಮೂಳೆಯ ಬದಲು ಮನುಷ್ಯರ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯಿಂದ ಮೈಕಟ್ಟು ಪಡೆದ ಮೀನುಗಳ ಪ್ರಾಚೀನ ವರ್ಗಕ್ಕೆ ಸೇರಿದೆ. ತೊರಕೆ, ಗರಗಸ ಮೀನು ಮತ್ತು ಗಿಟಾರ್ ಮೀನುಗಳೂ ಇದೇ ವರ್ಗದವು. ನಲವತ್ತು ಕೋಟಿ ವರ್ಷಗಳಷ್ಟು ಹಳೆಯದಾದ ಈ ವಂಶ ಭೂಮಿಯ ಮೇಲಿನ ಹಲವು ಮಹಾವಿನಾಶಗಳನ್ನು ದಾಟಿ ಬಂದಿದೆಯಾದರೂ, ಕಳೆದ ಐವತ್ತು ವರ್ಷಗಳ ಮೀನುಗಾರಿಕೆಯನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲವೆಂಬುದು ಈಗ ಸ್ಪಷ್ಟವಾಗಿದೆ. 1970ರಿಂದೀಚೆಗೆ ನಡುಗಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆಯೆಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷದ ಇನ್ನೊಂದು ಜಾಗತಿಕ ಮೌಲ್ಯಮಾಪನ, ಈ ವರ್ಗದ ಸುಮಾರು 1,200 ಪ್ರಭೇದಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ಅಳಿವಿನ ಅಂಚಿಗೆ ಸರಿದಿವೆ ಎಂದು ಹೇಳಿತು. ಈ ಕುಸಿತವನ್ನು ತಡೆಯಲು ಜಗತ್ತಿನ ಸರ್ಕಾರಗಳು ಎರಡು ದಶಕಗಳಿಂದ ಕಾನೂನಿನ ಮೇಲೆ ಕಾನೂನು ಮಾಡುತ್ತ ಬಂದಿವೆ. ಅವುಗಳಲ್ಲಿ ಬಹುಪಾಲು ಕಾನೂನುಗಳ ಕಣ್ಣು ಇಡೀ ಮೀನಿನ ಮೇಲಿರದೆ ಅದರ ರೆಕ್ಕೆಯ ಮೇಲೆ ಮಾತ್ರ ನೆಟ್ಟಿದೆ ಎಂಬಲ್ಲಿ ಅವುಗಳ ಬಲವೂ ಇದೆ, ದೌರ್ಬಲ್ಯವೂ ಇದೆ.

ರೆಕ್ಕೆಗೆ ಇಷ್ಟು ಬೆಲೆ ಬಂದದ್ದು ಚೀನಾದ ಔತಣಗಳಿಂದ. ಶಾರ್ಕಿನ ಈಜುರೆಕ್ಕೆಯ ಚರ್ಮದ ಒಳಗೆ ಸೂಜಿಯಂತೆ ಸಣ್ಣಗೆ, ಅರೆಪಾರದರ್ಶಕವಾಗಿರುವ ನಾರುಗಳ ಕಟ್ಟುಗಳಿರುತ್ತವೆ. ಒಣಗಿಸಿದ ರೆಕ್ಕೆಯನ್ನು ನೆನೆಹಾಕಿ, ಮೇಲಿನ ಒರಟು ಚರ್ಮವನ್ನು ಕೆರೆದು, ಬುಡದ ಮೃದ್ವಸ್ಥಿ ಮತ್ತು ಮಾಂಸವನ್ನು ತೆಗೆದು, ಹಲವು ಕಡೆ ರಾಸಾಯನಿಕದಿಂದ ಬಿಳುಪೇರಿಸಿದ ಮೇಲೆ ಉಳಿಯುವುದು ಬೇಯಿಸಿದ ಶಾವಿಗೆಯಂತೆ ಕಾಣುವ ಈ ನಾರು ಮಾತ್ರ. ಇದಕ್ಕೆ ಸ್ವಂತ ರುಚಿ ಎಂಬುದಿಲ್ಲ. ಸೂಪಿನ ರುಚಿಯೆಲ್ಲ ಕೋಳಿ ಅಥವಾ ಹಂದಿಮಾಂಸದ ಸಾರಿನಿಂದ ಬರುತ್ತದೆ, ರೆಕ್ಕೆಯಿಂದ ಬರುವುದು ಬಾಯಿಗೆ ಸಿಗುವ ಮೃದುತ್ವ ಮತ್ತು ಆತಿಥೇಯನ ಪ್ರತಿಷ್ಠೆ. ಅರಮನೆಯ ಭಕ್ಷ್ಯವಾಗಿದ್ದ ಇದು, 1980ರ ದಶಕದಿಂದ ಚೀನಾದಲ್ಲಿ ಮಧ್ಯಮವರ್ಗ ಬೆಳೆಯುತ್ತ ಹೋದಂತೆ ಮದುವೆ ಮತ್ತು ವ್ಯಾಪಾರದ ಊಟಗಳಿಗೆ ಇಳಿದು ಬಂತು. ವ್ಯಾಪಾರಿಗಳು ಒಂದು ಶಾರ್ಕಿನಿಂದ ಬೆನ್ನಿನ ಮೊದಲ ರೆಕ್ಕೆ, ಎದೆಯ ಎರಡು ರೆಕ್ಕೆ ಮತ್ತು ಬಾಲದ ಕೆಳತುದಿ ಇಷ್ಟನ್ನು ಒಂದು ಜೊತೆಯಾಗಿ ಎಣಿಸುತ್ತಾರೆ. ಹಾಂಗ್‌ಕಾಂಗ್ ಈ ವ್ಯಾಪಾರದ ದೊಡ್ಡ ಸಂತೆ. ಅಲ್ಲಿನ ಹರಾಜಿನ ದಾಖಲೆಗಳನ್ನು ಆಧರಿಸಿ 2006ರಲ್ಲಿ ನಡೆದ ಲೆಕ್ಕಾಚಾರ, ಜಾಗತಿಕ ರೆಕ್ಕೆ ಮಾರುಕಟ್ಟೆಗಾಗಿ ವರ್ಷಕ್ಕೆ 2.6 ಕೋಟಿಯಿಂದ 7.3 ಕೋಟಿ ಶಾರ್ಕುಗಳು ಬಲಿಯಾಗುತ್ತಿದ್ದವು ಎಂದು ಅಂದಾಜು ಮಾಡಿತು.

ಶಾರ್ಕಿನ ಮಾಂಸಕ್ಕೆ ಬೆಲೆ ಕಡಿಮೆ. ಸಮುದ್ರದ ಉಪ್ಪಿನ ಎದುರು ದೇಹದ ನೀರನ್ನು ಕಾಯ್ದುಕೊಳ್ಳಲು ಶಾರ್ಕುಗಳು ರಕ್ತದಲ್ಲಿ ಯೂರಿಯಾವನ್ನು ತುಂಬಿಕೊಂಡಿರುತ್ತವೆ. ಮೀನು ಸತ್ತ ಮೇಲೆ ಸೂಕ್ಷ್ಮಜೀವಿಗಳು ಆ ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುವುದರಿಂದ, ಬೇಗ ಶುಚಿಗೊಳಿಸದಿದ್ದರೆ ಮಾಂಸ ಘಾಟು ಹಿಡಿದು ಪಕ್ಕದ ಮೀನನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ನಡುಗಡಲಿನಲ್ಲಿದ್ದು ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳಿಗೆ ಶೈತ್ಯಾಗಾರದ ಒಂದೊಂದು ಅಡಿ ಜಾಗವೂ ದುಬಾರಿ. ಆದ್ದರಿಂದ ಗಾಳಕ್ಕೆ ಸಿಕ್ಕ ಶಾರ್ಕಿನ ರೆಕ್ಕೆಗಳನ್ನು ಕತ್ತರಿಸಿಟ್ಟುಕೊಂಡು, ಅನೇಕ ವೇಳೆ ಇನ್ನೂ ಜೀವವಿರುವ ದೇಹವನ್ನು ಕಡಲಿಗೆ ಎಸೆಯುವ ಪದ್ಧತಿ ಬೆಳೆಯಿತು. ಈಜಲಾರದ ಆ ಪ್ರಾಣಿ ಕಿವಿರಿನ ಮೂಲಕ ನೀರು ಹಾಯಿಸಲಾಗದೆ ಉಸಿರುಗಟ್ಟಿ ಸಾಯುತ್ತದೆ. ಕ್ರೌರ್ಯದ ದೃಷ್ಟಿಯಿಂದಲೂ ಪೋಲಿನ ದೃಷ್ಟಿಯಿಂದಲೂ ಇದಕ್ಕೆ ಸಮರ್ಥನೆಯಿಲ್ಲ, ಮತ್ತು ಜಗತ್ತಿನ ಜನಮತವನ್ನು ಮೊದಲು ಕಲಕಿದ್ದೂ ಈ ದೃಶ್ಯವೇ.

ಮೀನು ಎಂದಮೇಲೆ ಮತ್ತೆ ಹುಟ್ಟಿ ಬೆಳೆಯುತ್ತದೆ ಎಂಬ ನಂಬಿಕೆ ಶಾರ್ಕಿನ ವಿಷಯದಲ್ಲಿ ಸಲ್ಲುವುದಿಲ್ಲ. ಬೂತಾಯಿಯಂಥ ಸಣ್ಣ ಮೀನು ಹುಟ್ಟಿದ ವರ್ಷದೊಳಗೇ ಪ್ರೌಢವಾಗಿ ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಹಿಡಿತ ತುಸು ಸಡಿಲವಾದರೂ ಅದರ ಸಂತತಿ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಳ್ಳಬಲ್ಲದು. ಶಾರ್ಕುಗಳ ಜೀವನಕ್ರಮ ಮೀನಿಗಿಂತ ಹೆಚ್ಚಾಗಿ ಆನೆಯಂಥ ದೊಡ್ಡ ಸಸ್ತನಿಗಳದ್ದಕ್ಕೆ ಹತ್ತಿರ: ಬೆಳವಣಿಗೆ ನಿಧಾನ, ಪ್ರೌಢಾವಸ್ಥೆ ತಡ, ಬಸಿರು ದೀರ್ಘ, ಮರಿಗಳು ಕಡಿಮೆ. ಅಗಲ ಕಣ್ಣಿನ ಥ್ರೆಷರ್ ಶಾರ್ಕ್ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮರಿ ಹಾಕುತ್ತದೆ. ತಣ್ಣೀರಿನ ಮುಳ್ಳು ಡಾಗ್‌ಫಿಶ್ ಸುಮಾರು ಎರಡು ವರ್ಷ ಬಸಿರು ಹೊತ್ತಿರುತ್ತದೆ. ಸುತ್ತಿಗೆ ತಲೆಯ ಶಾರ್ಕುಗಳು ಮರಿ ಹಾಕಲು ತೀರದ ಆಳವಿಲ್ಲದ ನೀರಿಗೆ ಬರುವುದರಿಂದ, ಹೊಕ್ಕುಳ ಗಾಯ ಇನ್ನೂ ಮಾಯದ ಮರಿಗಳೇ ಭಾರತದ ಬಂದರುಗಳಲ್ಲಿ ರಾಶಿಯಾಗಿ ಇಳಿಯುವುದುಂಟು. ಪ್ರೌಢವಾಗುವ ಮೊದಲೇ ಬಲೆಗೆ ಬೀಳುವ ಮೀನಿಗೆ ಮುಂದಿನ ಪೀಳಿಗೆಯಿಲ್ಲ. ಒಂದು ಕಾನೂನು ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯಬೇಕಾದದ್ದು ಈ ಜೀವಶಾಸ್ತ್ರದ ಎದುರಿನಲ್ಲಿ.

ಮೊದಲ ತಲೆಮಾರಿನ ಕಾನೂನುಗಳು ಕಡಲಿನಲ್ಲಿ ರೆಕ್ಕೆ ಕತ್ತರಿಸುವುದನ್ನು ತಡೆಯಲು ಹೊರಟವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1999ರಲ್ಲಿ ಶಾರ್ಕ್ ಸಂರಕ್ಷಣೆಗೆ ಅಂತರರಾಷ್ಟ್ರೀಯ ಕಾರ್ಯಯೋಜನೆಯನ್ನು ಅಂಗೀಕರಿಸಿತು. ಅದು ದೇಶಗಳಿಗೆ ಸಲಹೆಯೇ ಹೊರತು ಕಟ್ಟಳೆಯಲ್ಲ. ಅಮೆರಿಕ 2000ದಲ್ಲಿ, ಐರೋಪ್ಯ ಒಕ್ಕೂಟ 2003ರಲ್ಲಿ ಕಾನೂನು ಮಾಡಿದವು. ಹಡಗು ದಡಕ್ಕೆ ತರುವ ರೆಕ್ಕೆಯ ತೂಕ, ಜೊತೆಗೆ ತರುವ ದೇಹಗಳ ತೂಕದ ಶೇ. 5ನ್ನು ಮೀರಬಾರದೆಂಬ ಲೆಕ್ಕ ಆಗ ಬಳಕೆಗೆ ಬಂತು. ರೆಕ್ಕೆಯ ಪ್ರಮಾಣ ಪ್ರಭೇದದಿಂದ ಪ್ರಭೇದಕ್ಕೆ ಬೇರೆ, ಕತ್ತರಿಸುವ ಕೈಯಿಂದ ಕೈಗೆ ಬೇರೆ. ದೇಹದ ತೂಕವನ್ನು ಕರುಳು, ತಲೆ ತೆಗೆಯುವ ಮೊದಲು ಎಣಿಸಬೇಕೋ ಆಮೇಲೆ ಎಣಿಸಬೇಕೋ ಎಂಬಲ್ಲಿಯೂ ಗೊಂದಲವಿತ್ತು. ಅಗ್ಗದ ದೇಹಗಳನ್ನು ಎಸೆದು, ದುಬಾರಿ ಪ್ರಭೇದದ ರೆಕ್ಕೆಗಳನ್ನು ಬೇರೆ ಪ್ರಭೇದದ ದೇಹಗಳೊಂದಿಗೆ ಹೊಂದಿಸಿ ತೋರಿಸಲು ಈ ಲೆಕ್ಕ ದಾರಿ ಮಾಡಿಕೊಟ್ಟಿತು.

ಕಾನೂನಿನ ಇನ್ನೊಂದು ಬಿರುಕು ಬಯಲಾದದ್ದು 'ಕಿಂಗ್ ಡೈಮಂಡ್ 2' ಎಂಬ ಹಡಗಿನ ಪ್ರಕರಣದಲ್ಲಿ. 2002ರ ಆಗಸ್ಟ್‌ನಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ತಡೆದ ಈ ಹಡಗಿನಲ್ಲಿ 64,695 ಪೌಂಡ್, ಅಂದರೆ ಸುಮಾರು 29 ಟನ್ ರೆಕ್ಕೆಗಳಿದ್ದವು. ಆದರೆ ಅದು ಸ್ವತಃ ಮೀನು ಹಿಡಿದಿರಲಿಲ್ಲ, ಸಮುದ್ರದ ನಡುವೆ ಬೇರೆ ಹಡಗುಗಳಿಂದ ರೆಕ್ಕೆ ಕೊಂಡು ಸಾಗಿಸುತ್ತಿತ್ತು. 2000ದ ಕಾನೂನು ಮೀನುಗಾರಿಕೆ ಹಡಗುಗಳಿಗೆ ಅನ್ವಯಿಸುವಂಥದ್ದಾದ್ದರಿಂದ, ಈ ಸಾಗಣೆ ಹಡಗಿಗೆ ಅದು ಅನ್ವಯಿಸುತ್ತದೆಂಬ ಸರಿಯಾದ ಮುನ್ಸೂಚನೆ ಇರಲಿಲ್ಲವೆಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿ ಜಪ್ತಿಯನ್ನು ರದ್ದುಪಡಿಸಿತು. 2011ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನು ಈ ಬಿರುಕನ್ನು ಮುಚ್ಚಿ, ರೆಕ್ಕೆಗಳು ದೇಹಕ್ಕೆ ಸಹಜವಾಗಿ ಅಂಟಿಕೊಂಡಿರುವ ಸ್ಥಿತಿಯಲ್ಲೇ ಶಾರ್ಕನ್ನು ದಡಕ್ಕೆ ತರಬೇಕೆಂದು ವಿಧಿಸಿತು. ಐರೋಪ್ಯ ಒಕ್ಕೂಟ 2013ರಲ್ಲಿ ಇದೇ ನಿಯಮಕ್ಕೆ ಬಂತು. ತಕ್ಕಡಿಯೂ ಗುಣಾಕಾರವೂ ಬೇಡದ, ದಡದಲ್ಲಿ ನಿಂತ ಅಧಿಕಾರಿ ಕಣ್ಣಾರೆ ನೋಡಿ ತೀರ್ಮಾನಿಸಬಹುದಾದ ನಿಯಮ ಇದಾದ್ದರಿಂದ, ರೆಕ್ಕೆ ಕತ್ತರಿಸುವುದರ ವಿರುದ್ಧ ಈವರೆಗೆ ರೂಪುಗೊಂಡ ಕ್ರಮಗಳಲ್ಲಿ ಇದೇ ಅತ್ಯಂತ ಸಮರ್ಥವಾದದ್ದು.

ಎರಡನೆಯ ತಲೆಮಾರಿನ ಕಾನೂನುಗಳು ಅಂಗಡಿಯ ಕಡೆ ತಿರುಗಿದವು. ಹವಾಯಿ 2010ರಲ್ಲಿ ರೆಕ್ಕೆಯ ಮಾರಾಟವನ್ನು ನಿಷೇಧಿಸಿದ ಅಮೆರಿಕದ ಮೊದಲ ರಾಜ್ಯವಾಯಿತು. 2022ರ ಡಿಸೆಂಬರ್‌ನಲ್ಲಿ ಆ ನಿಷೇಧ ಅಮೆರಿಕದಾದ್ಯಂತ ವಿಸ್ತರಿಸಿತು. ಕೆನಡಾ 2019ರಲ್ಲಿ, ಬ್ರಿಟನ್ 2023ರಲ್ಲಿ ದೇಹದಿಂದ ಬೇರ್ಪಟ್ಟ ರೆಕ್ಕೆಗಳ ಆಮದು ಮತ್ತು ರಫ್ತನ್ನು ನಿಲ್ಲಿಸಿದವು. ಇವೆಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಬಹುಶಃ ಚೀನಾದ ಒಳಗೇ ನಡೆದ ಬದಲಾವಣೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವೋ ಮಿಂಗ್ 2006ರಿಂದ ಶಾರ್ಕ್ ಸೂಪಿನ ವಿರುದ್ಧದ ಪ್ರಚಾರಕ್ಕೆ ಮುಖವಾದರು. 2012ರಲ್ಲಿ ಚೀನಾ ಸರ್ಕಾರ ತನ್ನ ಅಧಿಕೃತ ಔತಣಗಳಿಂದ ಈ ಖಾದ್ಯವನ್ನು ಹಂತಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿತು.

ಮೂರನೆಯದು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1975ರಿಂದ ಜಾರಿಯಲ್ಲಿರುವ, ಭಾರತವೂ 1976ರಲ್ಲಿ ಸೇರಿದ ಒಪ್ಪಂದವನ್ನು ಸಂಕ್ಷೇಪವಾಗಿ ಸೈಟೀಸ್ ಎನ್ನುತ್ತಾರೆ. ಇದರ ಮೊದಲ ಅನುಬಂಧದಲ್ಲಿರುವ ಜೀವಿಗಳ ವಾಣಿಜ್ಯ ವ್ಯಾಪಾರ ನಿಷಿದ್ಧ. ಎರಡನೆಯ ಅನುಬಂಧದವುಗಳನ್ನು ರಫ್ತು ಮಾಡಬೇಕಾದರೆ, ಆ ರಫ್ತಿನಿಂದ ಕಾಡಿನಲ್ಲಾಗಲೀ ಕಡಲಿನಲ್ಲಾಗಲೀ ಆ ಜೀವಿಯ ಉಳಿವಿಗೆ ಧಕ್ಕೆಯಿಲ್ಲವೆಂದು ದೇಶದ ವೈಜ್ಞಾನಿಕ ಸಂಸ್ಥೆ ಆಧಾರಸಹಿತ ದೃಢಪಡಿಸಬೇಕು. ಬಹುಕಾಲ ಆನೆ, ಹುಲಿ, ಗಿಳಿ, ಆರ್ಕಿಡ್‌ಗಳ ಒಪ್ಪಂದವೆನಿಸಿಕೊಂಡಿದ್ದ ಸೈಟೀಸ್‌ನೊಳಗೆ ವಾಣಿಜ್ಯ ಮೀನುಗಳನ್ನು ತರಲು ಮೀನುಗಾರಿಕಾ ರಾಷ್ಟ್ರಗಳು ಒಪ್ಪುತ್ತಿರಲಿಲ್ಲ. 2002ರಲ್ಲಿ ತಿಮಿಂಗಿಲ ಶಾರ್ಕ್, 2013ರಲ್ಲಿ ಸುತ್ತಿಗೆ ತಲೆಯ ಮೂರು ಪ್ರಭೇದಗಳು ಮತ್ತು ಬಿಳಿ ತುದಿಯ ಸಾಗರ ಶಾರ್ಕ್, 2016ರಲ್ಲಿ ಸಿಲ್ಕಿ ಮತ್ತು ಥ್ರೆಷರ್, 2019ರಲ್ಲಿ ಮೇಕೋ, ಹೀಗೆ ಒಂದೊಂದಾಗಿ ಪಟ್ಟಿ ಬೆಳೆಯಿತು. 2022ರಲ್ಲಿ ಪನಾಮಾದಲ್ಲಿ ನಡೆದ ಸಮ್ಮೇಳನ ರೆಕ್ವಿಯಮ್ ಶಾರ್ಕುಗಳ ಇಡೀ ಕುಟುಂಬವನ್ನು ಎರಡನೆಯ ಅನುಬಂಧಕ್ಕೆ ಸೇರಿಸಿದಾಗ, ರೆಕ್ಕೆಗಾಗಿ ಮಾರಾಟವಾಗುವ ಪ್ರಭೇದಗಳ ಬಹುಪಾಲು ನಿಯಂತ್ರಣದೊಳಗೆ ಬಂದಂತಾಯಿತು. ಕುಟುಂಬವನ್ನೇ ಸೇರಿಸಿದ್ದರ ಹಿಂದೆ ಒಂದು ವ್ಯಾವಹಾರಿಕ ಕಾರಣವೂ ಇದೆ: ಬಿಳಿ ತುದಿಯ ಶಾರ್ಕಿನ ದುಂಡಗಿನ ರೆಕ್ಕೆಯನ್ನೋ ಸುತ್ತಿಗೆ ತಲೆಯದರ ಎತ್ತರದ ತೆಳು ರೆಕ್ಕೆಯನ್ನೋ ತರಬೇತಿ ಪಡೆದ ಕಸ್ಟಮ್ಸ್ ಅಧಿಕಾರಿ ಗುರುತಿಸಬಹುದು, ಆದರೆ ಮೂಟೆಯಲ್ಲಿ ಒಣಗಿ ಮುದುಡಿದ ಬೂದು ರೆಕ್ಕೆಗಳಲ್ಲಿ ಯಾವುದು ಯಾವ ಪ್ರಭೇದದ್ದೆಂದು ಡಿಎನ್‌ಎ ಪರೀಕ್ಷೆಯಿಲ್ಲದೆ ಹೇಳುವುದು ಕಷ್ಟ.

ಭಾರತದ ಅನುಭವ ಇವೆಲ್ಲದಕ್ಕಿಂತ ಹೆಚ್ಚು ಪಾಠಗಳನ್ನು ಒಳಗೊಂಡಿದೆ. ಶಾರ್ಕುಗಳನ್ನು ಅತಿ ಹೆಚ್ಚು ಹಿಡಿಯುವ ದೇಶಗಳಲ್ಲಿ ಇಂಡೊನೇಷ್ಯಾದ ಜೊತೆಗೆ ಭಾರತವೂ ಮೊದಲ ಸಾಲಿನಲ್ಲಿದೆ. ಕೇಂದ್ರ ಪರಿಸರ ಸಚಿವಾಲಯ 2001ರ ಜುಲೈ 11ರಂದು ಶಾರ್ಕ್, ತೊರಕೆಗಳ ಇಡೀ ವರ್ಗವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಅಂದರೆ ಹುಲಿಗಿರುವ ರಕ್ಷಣೆಯನ್ನೇ ಮೀನುಪೇಟೆಯ ತಾಟೆಗೂ ಕೊಟ್ಟಿತು. ಮೀನುಗಾರರೊಂದಿಗೆ ಸಮಾಲೋಚನೆ ನಡೆದಿರಲಿಲ್ಲ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನಂಥ ಊರುಗಳಲ್ಲಿ ತಲೆಮಾರುಗಳಿಂದ ಗಾಳ ಹಾಕಿ ಆಳಗಡಲಿನ ಶಾರ್ಕ್ ಹಿಡಿದು ಬದುಕಿದ ಜನ ರಾತ್ರೋರಾತ್ರಿ ಅಪರಾಧಿಗಳಾದರು. ಪ್ರತಿಭಟನೆಗೆ ಮಣಿದ ಸರ್ಕಾರ ಅದೇ ವರ್ಷದ ಡಿಸೆಂಬರ್ 5ರಂದು ಪಟ್ಟಿಯನ್ನು ಹತ್ತು ಪ್ರಭೇದಗಳಿಗೆ ಇಳಿಸಿತು. ಉಳಿದ ಹತ್ತರಲ್ಲಿ ತಿಮಿಂಗಿಲ ಶಾರ್ಕ್ ಮತ್ತು ಗರಗಸ ಮೀನುಗಳ ಜೊತೆಗೆ, 1979ರ ನಂತರ ಖಚಿತವಾಗಿ ಯಾರ ಕಣ್ಣಿಗೂ ಬೀಳದ ಪಾಂಡಿಚೇರಿ ಶಾರ್ಕ್ ಮತ್ತು ಅತಿ ವಿರಳವಾದ ಗಂಗಾ ಶಾರ್ಕ್ ಕೂಡ ಇದ್ದವು. ಬಂದರುಗಳಲ್ಲಿ ನಿತ್ಯವೂ ಇಳಿಯುತ್ತಿದ್ದ, ಆ ಕಾರಣಕ್ಕೇ ಕ್ಷೀಣಿಸುತ್ತಿದ್ದ ಸುತ್ತಿಗೆ ತಲೆಯ ಶಾರ್ಕ್ ಪಟ್ಟಿಯಿಂದ ಹೊರಗುಳಿಯಿತು. ಎಲ್ಲವನ್ನೂ ನಿಷೇಧಿಸಿ ಮತ್ತೆ ಹೆಚ್ಚುಕಡಿಮೆ ಎಲ್ಲವನ್ನೂ ಬಿಟ್ಟುಕೊಟ್ಟ ಈ ಐದು ತಿಂಗಳು, ಮೀನುಗಾರರಿಗೂ ಸಂರಕ್ಷಣೆಯ ಇಲಾಖೆಗಳಿಗೂ ನಡುವೆ ಉಳಿಸಿದ ಅಪನಂಬಿಕೆ ದೊಡ್ಡದು.

2013ರ ಆಗಸ್ಟ್‌ನಲ್ಲಿ ಪರಿಸರ ಸಚಿವಾಲಯ ರೆಕ್ಕೆಗಳು ದೇಹಕ್ಕೆ ಅಂಟಿಕೊಂಡೇ ದಡಕ್ಕೆ ಬರಬೇಕೆಂಬ ನೀತಿಯನ್ನು ಭಾರತಕ್ಕೂ ತಂದಿತು. ಭಾರತದ ದೋಣಿಗಳಲ್ಲಿ ರೆಕ್ಕೆ ಕತ್ತರಿಸಿ ದೇಹ ಎಸೆಯುವ ರೂಢಿ ತೀರ ವಿರಳ, ಏಕೆಂದರೆ ಇಲ್ಲಿ ಶಾರ್ಕಿನ ಮಾಂಸಕ್ಕೆ ಗಿರಾಕಿಗಳಿದ್ದಾರೆ. ಕರಾವಳಿಯುದ್ದಕ್ಕೂ ಅದನ್ನು ಹಸಿಯಾಗಿಯೂ ಒಣಮೀನಾಗಿಯೂ ತಿನ್ನುತ್ತಾರೆ. ಸಣ್ಣ ಶಾರ್ಕಿನ ಪದಾರ್ಥ ಬಾಣಂತಿಗೆ ಹಾಲು ಹೆಚ್ಚಿಸುತ್ತದೆಂಬ ನಂಬಿಕೆ ಹಲವೆಡೆ ಇದೆ. ನಡುಗಡಲಿನ ದೈತ್ಯ ಹಡಗುಗಳ ದುರಾಚಾರಕ್ಕಾಗಿ ರೂಪುಗೊಂಡ ನಿಯಮ ಇಲ್ಲಿಗೆ ಬಂದಾಗ ಅದಕ್ಕೆ ಮಾಡಲು ಹೆಚ್ಚಿನ ಕೆಲಸವಿರಲಿಲ್ಲ. 2015ರ ಫೆಬ್ರುವರಿಯಲ್ಲಿ ವಾಣಿಜ್ಯ ಸಚಿವಾಲಯ ಇನ್ನೂ ಮುಂದೆ ಹೋಗಿ ಎಲ್ಲ ಪ್ರಭೇದಗಳ ಶಾರ್ಕ್ ರೆಕ್ಕೆಯ ರಫ್ತನ್ನೇ ನಿಷೇಧಿಸಿತು. ಹಿಡಿಯುವುದು ಕಾನೂನುಬದ್ಧ, ಮಾಂಸ ಮಾರುವುದು ಕಾನೂನುಬದ್ಧ, ಅದೇ ಮೀನಿನ ರೆಕ್ಕೆಯನ್ನು ಹೊರದೇಶಕ್ಕೆ ಕಳಿಸುವುದು ಅಪರಾಧ ಎಂಬ ಸ್ಥಿತಿ ಉಂಟಾಯಿತು. ಬೋಟಿನ ಮಾಲೀಕನ ಆದಾಯ ತುಸು ಇಳಿದಿರಬಹುದು, ಬಲೆಗೆ ಬೀಳುವ ಶಾರ್ಕಿನ ಪಾಲಿಗೆ ಏನೂ ಬದಲಾಗಲಿಲ್ಲ.

ವ್ಯಾಪಾರವೂ ನಿಲ್ಲದೆ ಭೂಗತವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಮುಂಬಯಿ ಮತ್ತು ಗುಜರಾತಿನ ವೇರಾವಳದಲ್ಲಿ ಒಟ್ಟು ಸುಮಾರು 8,000 ಕಿಲೋ ರೆಕ್ಕೆಗಳನ್ನು ವಶಪಡಿಸಿಕೊಂಡಿತು. 2010ರಿಂದ 2022ರವರೆಗೆ ದೇಶದಲ್ಲಿ ಸಿಕ್ಕಿಬಿದ್ದ ಶಾರ್ಕ್ ಉತ್ಪನ್ನಗಳು ಸುಮಾರು 16,000 ಕಿಲೋ ಎಂದೂ, ಪ್ರಕರಣಗಳಲ್ಲಿ ಹೆಚ್ಚಿನವು ತಮಿಳುನಾಡಿನವೆಂದೂ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಮತ್ತು ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ ಸಂಸ್ಥೆಗಳು ಲೆಕ್ಕ ಹಾಕಿವೆ. ಸಿಂಗಪುರ, ಹಾಂಗ್‌ಕಾಂಗ್, ಶ್ರೀಲಂಕಾ, ಚೀನಾಗಳ ಕಡೆಗೆ ಹೊರಟಿದ್ದ ಈ ಸರಕಿಗೆ ಒಣಮೀನು ಎಂಬ ಚೀಟಿ ಅಂಟಿಸುವುದು ಸುಲಭದ ಉಪಾಯ. ನಿಷೇಧದ ಒಂದು ಕೆಟ್ಟ ಫಲವೆಂದರೆ, ಯಾವ ಪ್ರಭೇದ ಎಷ್ಟು ಹೋಗುತ್ತಿದೆ ಎಂದು ರಫ್ತಿನ ಕಾಗದಪತ್ರಗಳಿಂದ ಮೊದಲು ಸಿಗುತ್ತಿದ್ದ ಅರೆಬರೆ ಮಾಹಿತಿಯೂ ಇಲ್ಲವಾದದ್ದು.

ಇದು ಭಾರತದ ಕಥೆ ಮಾತ್ರವಲ್ಲ. ಸಾಗರ ವಿಜ್ಞಾನಿ ಬೋರಿಸ್ ವರ್ಮ್ ಮತ್ತು ಸಹೋದ್ಯೋಗಿಗಳು 2024ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೆಕ್ಕೆ ಕತ್ತರಿಸುವುದರ ವಿರುದ್ಧದ ಕಾನೂನುಗಳು ಹತ್ತು ಪಟ್ಟಿಗೂ ಹೆಚ್ಚಿದ ಅವಧಿಯಲ್ಲೇ ಮೀನುಗಾರಿಕೆಯಿಂದ ಸಾಯುವ ಶಾರ್ಕುಗಳ ಸಂಖ್ಯೆ 2012ರಲ್ಲಿದ್ದ 7.6 ಕೋಟಿಯಿಂದ 2019ರ ಹೊತ್ತಿಗೆ 8 ಕೋಟಿಗೆ ಏರಿತ್ತು. ಇಡೀ ದೇಹವನ್ನು ದಡಕ್ಕೆ ತರಬೇಕೆಂದಾಗ ಮಾಂಸಕ್ಕೂ ಮಾರುಕಟ್ಟೆ ಹುಡುಕುವುದು ಸಹಜವಾಗಿತ್ತು, ಮತ್ತು ಮಾಂಸದ ವ್ಯಾಪಾರ ಬೆಳೆಯಿತು. ಸಾವು ಇಳಿದದ್ದು ಶಾರ್ಕ್ ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿದ ಪ್ರದೇಶಗಳಲ್ಲಿ ಮತ್ತು ಆಡಳಿತ ಹೊಣೆಯಿಂದ ನಡೆಯುವ ದೇಶಗಳ ಕಡಲಿನಲ್ಲಿ. ಕ್ರೌರ್ಯ ನಿಂತದ್ದು ಸಣ್ಣ ಸಾಧನೆಯಲ್ಲ. ಆದರೆ ಕ್ರೌರ್ಯವಿಲ್ಲದೆಯೂ ಒಂದು ವಂಶವನ್ನು ಮುಗಿಸಬಹುದು.

ಹಿಡಿಯುವ ಕೈಯೇ ಮನಸ್ಸು ಬದಲಿಸಿದಾಗ ಏನಾಗಬಲ್ಲದು ಎಂಬುದಕ್ಕೆ ಗುಜರಾತಿನ ಸೌರಾಷ್ಟ್ರ ತೀರ ಸಾಕ್ಷಿ. ಅಲ್ಲಿ ತಿಮಿಂಗಿಲ ಶಾರ್ಕನ್ನು ಕೊಕ್ಕೆ ಚುಚ್ಚಿ, ಹಗ್ಗದ ತುದಿಗೆ ತೇಲುವ ಪೀಪಾಯಿ ಕಟ್ಟಿ, ದಣಿಸಿ ಹಿಡಿಯುತ್ತಿದ್ದರು. ಆ ಪೀಪಾಯಿಯಿಂದಾಗಿ ಮೀನಿಗೇ 'ಬ್ಯಾರೆಲ್' ಎಂಬ ಹೆಸರು ಬಿದ್ದಿತ್ತು. ಅದರ ಪಿತ್ತಜನಕಾಂಗದ ಎಣ್ಣೆ ಮರದ ದೋಣಿಗಳಿಗೆ ಬಳಿಯಲು, ಮಾಂಸ ರಫ್ತಿಗೆ ಹೋಗುತ್ತಿತ್ತು. ಮೈಕ್ ಪಾಂಡೆಯವರ 'ಶೋರ್ಸ್ ಆಫ್ ಸೈಲೆನ್ಸ್' ಸಾಕ್ಷ್ಯಚಿತ್ರ ಈ ಬೇಟೆಯನ್ನು ದೇಶಕ್ಕೆ ತೋರಿಸಿದ ಮೇಲೆ, 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ಮೊದಲ ಅನುಸೂಚಿಯ ರಕ್ಷಣೆ ಪಡೆದ ದೇಶದ ಮೊದಲ ಮೀನಾಯಿತು. ಕಾನೂನು ಅಷ್ಟಕ್ಕೇ ನಿಂತಿದ್ದರೆ ಕಾಗದದಲ್ಲೇ ಉಳಿಯುತ್ತಿತ್ತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್ ಮತ್ತು ಗುಜರಾತ್ ಅರಣ್ಯ ಇಲಾಖೆ ಆರಂಭಿಸಿದ ಅಭಿಯಾನದಲ್ಲಿ, ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳೆಂದು ಕರೆದರು. ತವರಿಗೆ ಬಂದ ಬಸುರಿಯನ್ನು ನೋಯಿಸುವವರು ಯಾರೂ ಇರಲಿಲ್ಲ. ಬಲೆಗೆ ಸಿಕ್ಕ ಶಾರ್ಕನ್ನು ಬಲೆ ಕತ್ತರಿಸಿ ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಟ್ಟಿತು, ಅಧಿಕಾರಿಗಾಗಿ ಕಾಯದೆ ಮೀನುಗಾರರೇ ಫೋಟೊ ತೆಗೆದು ದಾಖಲಿಸಲು ಕ್ಯಾಮೆರಾಗಳನ್ನೂ ಒದಗಿಸಲಾಯಿತು. ಅಂದಿನಿಂದ ನೂರಾರು ತಿಮಿಂಗಿಲ ಶಾರ್ಕುಗಳು ಜೀವಸಹಿತ ಕಡಲಿಗೆ ಮರಳಿವೆ. ಕಾನೂನು, ಪರಿಹಾರ, ನಂಬಿಕೆ ಮೂರೂ ಒಂದೇ ಕಡೆ ಎಳೆದ ಇಂಥ ಉದಾಹರಣೆ ದೇಶದ ಸಂರಕ್ಷಣೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆ, ರಕ್ಷಿತ ಶಾರ್ಕ್ ಮತ್ತು ತೊರಕೆಗಳ ಪಟ್ಟಿಯನ್ನು ಹಿಗ್ಗಿಸಿದ್ದಲ್ಲದೆ, ಸೈಟೀಸ್ ಪಟ್ಟಿಯ ಜೀವಿಗಳಿಗಾಗಿ ಪ್ರತ್ಯೇಕ ಅನುಸೂಚಿಯನ್ನೇ ಮಾಡಿದೆ. ಮೊದಲ ಅನುಸೂಚಿಯ ಜೀವಿಯನ್ನು ಹಿಡಿದವರಿಗೆ ಮೂರರಿಂದ ಏಳು ವರ್ಷದ ಸೆರೆವಾಸ ಕಾದಿದೆ. ಇದನ್ನು ಜಾರಿಗೊಳಿಸಬೇಕಾದದ್ದು ಅರಣ್ಯ ಇಲಾಖೆ, ದೋಣಿಗಳ ಪರವಾನಗಿ ಇರುವುದು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ರಫ್ತು ನೋಡುವುದು ಕಸ್ಟಮ್ಸ್. ತೀರದಿಂದ ಹನ್ನೆರಡು ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಬೆಳಗಿನ ಜಾವ ಮಂಗಳೂರಿನ ದಕ್ಕೆಯಲ್ಲಿ ಬುಟ್ಟಿಗಟ್ಟಲೆ ಮೀನು ಹರಾಜಾಗುವ ಆ ಒಂದೆರಡು ಗಂಟೆಯಲ್ಲಿ ಯಾವ ಗಿಟಾರ್ ಮೀನು ರಕ್ಷಿತ, ಯಾವುದು ಅಲ್ಲ ಎಂದು ಹೇಳಬಲ್ಲ ಕಣ್ಣು ಇಲ್ಲದಿದ್ದರೆ ಕಾಯ್ದೆಯ ಪುಟಗಳಿಂದ ಪ್ರಯೋಜನವಿಲ್ಲ.

ಕರ್ನಾಟಕದ ಬೋಟುಗಳಲ್ಲಿ ಬಹುಪಾಲು ಶಾರ್ಕಿಗಾಗಿಯೇ ಕಡಲಿಗಿಳಿಯುವುದಿಲ್ಲ. ಮಲ್ಪೆ, ಮಂಗಳೂರಿನ ಟ್ರಾಲ್ ಬಲೆಗಳಿಗೂ ಬೀಡುಬಲೆಗಳಿಗೂ ತಾಟೆ, ತೊರಕೆಗಳು ಬೇರೆ ಮೀನುಗಳ ಜೊತೆಗೆ ಬೀಳುತ್ತವೆ. ಆದ್ದರಿಂದ ಇಲ್ಲಿ ಪ್ರಭೇದದ ಹೆಸರು ಹಿಡಿದು ನಿಷೇಧಿಸಿದರೆ, ಬಿದ್ದ ಮೀನನ್ನು ಸತ್ತ ಮೇಲೆ ಗುಟ್ಟಾಗಿ ಎಸೆಯುವುದಕ್ಕೇ ಅದು ಪ್ರೇರಣೆಯಾಗಬಹುದು. ಗಿಟಾರ್ ಮೀನು ಮತ್ತು ತೊರಕೆಗಳು ಗಟ್ಟಿ ಜೀವದವು; ಬಲೆ ಎಳೆಯುವ ಅವಧಿ ಚಿಕ್ಕದಾಗಿದ್ದರೆ ಹಲವು ಜೀವಂತವಾಗಿಯೇ ಬೋಟಿಗೆ ಬರುತ್ತವೆ, ಬಿಟ್ಟರೆ ಬದುಕುತ್ತವೆ, ಆದ್ದರಿಂದ ಗುಜರಾತಿನ ಪರಿಹಾರದ ಮಾದರಿ ಅವುಗಳಿಗೆ ಹೊಂದುತ್ತದೆ. ಸುತ್ತಿಗೆ ತಲೆಯ ಶಾರ್ಕ್ ಹಾಗಲ್ಲ, ಬಲೆಗೆ ಬಿದ್ದ ಕೆಲ ಹೊತ್ತಿನಲ್ಲೇ ಸಾಯುವ ಅದನ್ನು ಉಳಿಸಬೇಕಾದರೆ ಅದರ ಮರಿಗಳಿರುವ ನೀರಿನಲ್ಲಿ ಆ ತಿಂಗಳುಗಳಲ್ಲಿ ಬಲೆ ಹಾಕದಿರುವುದೊಂದೇ ಉಪಾಯ. ಯಾವ ಪ್ರದೇಶದಲ್ಲಿ, ಯಾವ ಕಾಲದಲ್ಲಿ, ಯಾವ ಬಲೆಯಿಂದ, ಯಾವ ಮೀನನ್ನು ಹಿಡಿಯಬಾರದೆಂದು ನಿಗದಿಪಡಿಸುವ ಅಧಿಕಾರವನ್ನು 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮುಂಗಾರಿನ ಮೀನುಗಾರಿಕೆ ರಜೆಯನ್ನು ಕರಾವಳಿಯ ಜನ ವರ್ಷಗಳಿಂದ ಒಪ್ಪಿ ನಡೆಸಿಕೊಂಡು ಬಂದಿರುವುದರಿಂದ ಕಾಲ ನೋಡಿ ಕಡಲಿಗೆ ಬಿಡುವು ಕೊಡುವುದು ಅವರಿಗೆ ಹೊಸದೇನಲ್ಲ. ಸುತ್ತಿಗೆ ತಲೆಯ ಮರಿಗಳು ಯಾವ ತಿಂಗಳು, ಎಷ್ಟು ಮಾರು ಆಳದಲ್ಲಿ ಬಲೆಗೆ ಬೀಳುತ್ತವೆ ಎಂಬುದನ್ನು ಬೋಟು ನಡೆಸುವ ತಾಂಡೇಲರಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಆ ತಿಳಿವಳಿಕೆಯನ್ನು ಪ್ರಭೇದವಾರು ದಾಖಲೆಯಾಗಿಸುವ ಕೆಲಸವನ್ನು ಬಂದರುಗಳಲ್ಲಿ ತಡಮಾಡದೆ ಆರಂಭಿಸಬೇಕಾಗಿದೆ.